ನೀಲಗಿರಿಗೆ ದಾರಿ ಬಿದ್ದ ಕಥೆ

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನ ಕಾರುಗಳ ಮುಖ ತಾನಾಗಿಯೇ ಮೈಸೂರಿನ ಕಡೆಗೆ ತಿರುಗುತ್ತದೆ. ಬೆಳಗಿನ ಜಾವ ಎದ್ದು, ನಿದ್ದೆಗಣ್ಣಿನ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ನಡುವೆ ಎಲ್ಲೋ ಒಂದು ಕಡೆ ತಟ್ಟೆ ಇಡ್ಲಿ ಮುಗಿಸಿಕೊಂಡರೆ ಮಧ್ಯಾಹ್ನದ ಊಟದ ಹೊತ್ತಿಗೆ ಊಟಿ. ಒಟ್ಟು ದಾರಿ ಸುಮಾರು 270 ಕಿಲೋಮೀಟರ್. 2023ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲಂತೂ ಮೊದಲ ಅರ್ಧ ದಾರಿ ಒಂದೂವರೆ ಗಂಟೆಯ ಮಾತಾಗಿದೆ.

ಉಳಿದರ್ಧ ದಾರಿಯ ಕಥೆಯೇ ಬೇರೆ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಸೇರುವ ರಸ್ತೆಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಬೀಳುತ್ತದೆ. ಬೆಟ್ಟ ಹತ್ತಲು 2024ರ ಮೇ ತಿಂಗಳಿಂದ ಇ-ಪಾಸ್ ಬೇಕು. ಕಲ್ಲಟ್ಟಿಯ 36 ತಿರುವುಗಳ ಘಾಟಿಯಲ್ಲಿ ಅಪಘಾತಗಳು ಹೆಚ್ಚಿದ ಮೇಲೆ ಹೊರಗಿನ ವಾಹನಗಳಿಗೆ ನಿರ್ಬಂಧವಿದೆ. ದಾರಿಯ ಒಂದು ತುದಿಯನ್ನು ಅಗಲ ಮಾಡುತ್ತಾ ಹೋಗಿ, ಇನ್ನೊಂದು ತುದಿಯನ್ನು ಕಟ್ಟುತ್ತಾ ಬರುವ ಈ ವಿಚಿತ್ರ ಯಾಕಾಯಿತು ಎಂದು ಗೇಟಿನ ಮುಂದೆ ನಿಂತ ಪ್ರಯಾಣಿಕ ಗೊಣಗುವುದು ಸಹಜ. ಉತ್ತರ ಬೇಕಾದರೆ ಈ ದಾರಿಯನ್ನು ಯಾರು, ಯಾತಕ್ಕಾಗಿ ಮಾಡಿದರು ಎನ್ನುವುದನ್ನು ಮೊದಲು ನೋಡಬೇಕು.

ಕಂಡುಹಿಡಿದವರು ಯಾರು?

ನೀಲಗಿರಿಯನ್ನು ‘ಕಂಡುಹಿಡಿದವನು’ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಎಂದು ಪ್ರವಾಸಿ ಕೈಪಿಡಿಗಳು ಬರೆಯುತ್ತಾ ಬಂದಿವೆ. ಈ ಮಾತನ್ನು ಸುಳ್ಳು ಮಾಡುವ ಸಾಕ್ಷಿ ನಮ್ಮ ಚಾಮರಾಜನಗರದಲ್ಲೇ ಇದೆ. ಅಲ್ಲಿನ ಜೈನ ಬಸದಿಯ 1117ರ ಶಾಸನ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ ಪರಾಕ್ರಮವನ್ನು ಹೊಗಳುವಾಗ, ಆತ ತೋಡರನ್ನು ಬೆದರಿಸಿದ್ದನ್ನೂ ನೀಲಾದ್ರಿಯನ್ನು ಹಿಡಿದದ್ದನ್ನೂ ಹೇಳುತ್ತದೆ. ಎಮ್ಮೆ ಸಾಕುವ ತೋಡರ ಹೆಸರು ಬರಹದಲ್ಲಿ ಕಾಣಿಸಿಕೊಂಡ ಅತಿ ಹಳೆಯ ಉಲ್ಲೇಖ ಇದೇ ಎನ್ನುತ್ತಾರೆ. ಸಲಿವನ್ ಬೆಟ್ಟ ಹತ್ತುವುದಕ್ಕೆ ಇನ್ನೂ 700 ವರ್ಷಗಳಿದ್ದವು!

ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ತೆರಕಣಾಂಬಿ ಸೀಮೆಯನ್ನು ಆಳುತ್ತಿದ್ದ ಮಾಧವ ದಂಡನಾಯಕನಿಗೂ ನೀಲಗಿರಿಯನ್ನು ಗೆದ್ದವನೆಂಬ ಬಿರುದಿತ್ತು. ಊಟಿಗೆ ಹೋಗುವವರು ಬಲಗಡೆ ದೂರದಲ್ಲಿ ಕಂಡು ಕೈಮುಗಿಯುವ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇಗುಲ ಅವನ ಹೆಸರಿನೊಂದಿಗೆ ಸೇರಿಕೊಂಡಿದೆ. ಬೆಟ್ಟದ ಆಚೆ ಮಗ್ಗುಲಲ್ಲಿ ಈ ಮನೆತನದವರ ಕೋಟೆಯೊಂದಿತ್ತು. ದಣ್ಣಾಯಕನ ಕೋಟೆ ಎಂದೇ ಅದರ ಹೆಸರು. 1950ರ ದಶಕದಲ್ಲಿ ಭವಾನಿಸಾಗರ ಅಣೆಕಟ್ಟೆಯ ನೀರಿನಲ್ಲಿ ಅದು ಮುಳುಗಿತು.

ಅಂದರೆ ಮೈಸೂರು ಸೀಮೆಯಿಂದ ಬೆಟ್ಟಕ್ಕೆ ಜಾಡು ಇತ್ತು. ಅದು ಗಾಡಿಯ ದಾರಿಯಲ್ಲ, ಕಾಲುದಾರಿ. ಅದನ್ನು ಹತ್ತಿದವರಲ್ಲಿ ದಂಡಿನವರಿಗಿಂತ ಮುಖ್ಯರಾದವರು ಬಡಗರು. ಯಕ್ಷಗಾನದ ತೆಂಕುತಿಟ್ಟು–ಬಡಗುತಿಟ್ಟು ಬಲ್ಲವರಿಗೆ ಈ ಹೆಸರಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬಡಗಣ ದಿಕ್ಕಿನಿಂದ, ಅಂದರೆ ಉತ್ತರದ ಮೈಸೂರು ಸೀಮೆಯಿಂದ ಬಂದವರು ಬಡಗರು. ವಿಜಯನಗರ ಬಿದ್ದ ನಂತರದ ಕ್ಷೋಭೆಯ ದಿನಗಳಲ್ಲಿ ಇವರ ಹಿರಿಯರು ತಂಡತಂಡವಾಗಿ ಬೆಟ್ಟ ಸೇರಿದರೆಂದು ವಿದ್ವಾಂಸರ ಅಭಿಪ್ರಾಯ. ಅವರ ಭಾಷೆ ಕನ್ನಡದ ತೀರಾ ಹತ್ತಿರದ ನಂಟ. ಹಿಂದೆ ಅದನ್ನು ಕನ್ನಡದ ಉಪಭಾಷೆ ಎಂದೇ ಎಣಿಸುತ್ತಿದ್ದರು, ಈಗ ಸ್ವತಂತ್ರ ಭಾಷೆಯೆಂದು ಪರಿಗಣಿಸುವವರು ಹೆಚ್ಚು.

ಮಸಿನಗುಡಿ ದಾಟಿದ ಕನ್ನಡಿಗನಿಗೆ ಇದರ ಗುರುತು ರಸ್ತೆಯ ಪಕ್ಕದಲ್ಲೇ ಸಿಗುತ್ತದೆ. ಬೋರ್ಡಿನ ಲಿಪಿ ತಮಿಳು, ಹೆಸರು ಮಾತ್ರ ನಮ್ಮ ಊರಿನದೇ ಅನ್ನಿಸುತ್ತದೆ. ಕಲ್ಲಟ್ಟಿ ಎಂದರೆ ಕಲ್ಲುಹಟ್ಟಿ. ನೀಲಗಿರಿಯ ಅತಿ ಎತ್ತರದ ಶಿಖರ, 2,637 ಮೀಟರಿನ ದೊಡ್ಡಬೆಟ್ಟ. ಕೂನೂರಿನ ಬಳಿಯ ಹಳೆಯ ಕೋಟೆ ಹುಲಿಕಲ್ ದುರ್ಗ. ಕೋಟಗಿರಿ ಎಂಬುದಕ್ಕೆ ಕೋಟೆಯೂ ಇಲ್ಲ, ಗಿರಿಯೂ ಇಲ್ಲ. ಅದು ಕಬ್ಬಿಣದ ಕೆಲಸ, ಮಡಕೆ, ವಾದ್ಯ ಎಲ್ಲವನ್ನೂ ಬಲ್ಲ ಕೋತ ಜನರ ಕೇರಿ: ‘ಕೋತಕೇರಿ’. ತೋಡರ ತುಪ್ಪ, ಕೋತರ ಕುಡುಗೋಲು, ಬಡಗರ ಧಾನ್ಯ, ಕುರುಂಬರ ಜೇನು ಇವುಗಳ ಕೊಡುಕೊಳ್ಳುವಿಕೆಯಲ್ಲಿ ಬೆಟ್ಟದ ಬದುಕು ನಡೆಯುತ್ತಿತ್ತು. 1603ರಲ್ಲಿ ಮಲಬಾರಿನ ಕಡೆಯಿಂದ ಹತ್ತಿ ಬಂದ ಜೆಸುಯಿಟ್ ಪಾದ್ರಿ ಫೆನಿಸಿಯೊ ಕಂಡದ್ದು ಈ ತೋಡರನ್ನು, ಈ ಬಡಗರನ್ನು. ಪಾದ್ರಿ ಬಂದಷ್ಟೇ ಬೇಗ ಇಳಿದು ಹೋದ. ಮುಂದಿನ ಇನ್ನೂರು ವರ್ಷ ಯುರೋಪಿಯನ್ನರಿಗೆ ಬೆಟ್ಟದ ನೆನಪೇ ಇದ್ದಂತಿಲ್ಲ.

ಕೈದಿಗಳು ಕಡಿದ ಘಾಟಿ

1799ರಲ್ಲಿ ಟಿಪ್ಪು ಮಡಿದ ಮೇಲೆ ನೀಲಗಿರಿ ಕುಂಪಣಿ ಸರ್ಕಾರದ ಕೈಸೇರಿತು. ಆದರೂ ಸುಮಾರು ಎರಡು ದಶಕ ಆ ಬೆಟ್ಟದ ಮೇಲೆ ಏನಿದೆ ಎಂದು ತಿಳಿಯುವ ಗರಜು ಹೆಚ್ಚಿನವರಿಗೆ ಬೀಳಲಿಲ್ಲ. 1818ರಲ್ಲಿ ಕೊಯಮತ್ತೂರಿನ ಇಬ್ಬರು ಸಹಾಯಕ ಅಧಿಕಾರಿಗಳು, ವಿಷ್ ಮತ್ತು ಕಿಂಡರ್ಸ್ಲಿ, ಮೇಲೆ ಹೋಗಿ ಬಂದು ಅಲ್ಲಿನ ಚಳಿಯ ವರ್ಣನೆ ಮಾಡಿದರು. 1819ರ ಜನವರಿಯಲ್ಲಿ ಅವರ ಮೇಲಧಿಕಾರಿ ಸಲಿವನ್ ತಾನೇ ಹೊರಟ. (ಅವನ ಕೊಯಮತ್ತೂರು ಜಿಲ್ಲೆಯಲ್ಲಿ ನಮ್ಮ ಕೊಳ್ಳೇಗಾಲವೂ ಸೇರಿತ್ತು, 1956ರವರೆಗೂ ಅದು ಹಾಗೆಯೇ ಇತ್ತು.) ಅವನು ಬಿಡಾರ ಹೂಡಿದ್ದು ಊಟಿಯಲ್ಲಲ್ಲ, ಕೋಟಗಿರಿಯ ಪಕ್ಕದ ಬಡಗರ ಹಳ್ಳಿ ದಿಂಬಟ್ಟಿಯ ಬಳಿ. ನೀಲಗಿರಿಯಲ್ಲಿ ಆಂಗ್ಲರು ಮೊದಲು ನೆಲೆಯೂರಿದ ಜಾಗ ಅದು. ಹತ್ತಿರದ ಕನ್ನೇರಿಮುಕ್ಕಿನಲ್ಲಿ ಅವನ ಬಂಗಲೆಯನ್ನು ಜೀರ್ಣೋದ್ಧಾರ ಮಾಡಿ ವಸ್ತುಸಂಗ್ರಹಾಲಯ ಮಾಡಲಾಗಿದೆ.

ಆಮೇಲಿನ ಕೆಲಸವೇ ರಸ್ತೆ. ಬಯಲಿನ ಸಿರುಮುಗೈಯಿಂದ ದಿಂಬಟ್ಟಿಗೆ ಬೆಟ್ಟದ ಮೈ ಕಡಿದು ಮಾಡಿದ ಮೊದಲ ಘಾಟಿ 1823ರ ಮೇ ಹೊತ್ತಿಗೆ ಮುಗಿಯಿತು. ಉಸ್ತುವಾರಿ ಮ್ಯಾಕ್‌ಫರ್ಸನ್ ಎಂಬ ಸೇನಾಧಿಕಾರಿಯದು. ಗುದ್ದಲಿ, ಹಾರೆ ಹಿಡಿದವರು ಜೈಲುಗಳಿಂದ ತಂದ ಕೈದಿಗಳು. ಅಧಿಕಾರಿಯ ಹೆಸರು ದಾಖಲೆಯಲ್ಲಿ ಉಳಿಯಿತು, ಅವರ ಹೆಸರು ಉಳಿಯಲಿಲ್ಲ.

ಸಲಿವನ್ ಅಷ್ಟರಲ್ಲಿ ಇನ್ನೂ ಮೇಲೆ ಕಣ್ಣಿಟ್ಟಿದ್ದ. 1821ರ ಮದರಾಸಿನ ಪತ್ರಿಕೆಯೊಂದರಲ್ಲಿ ‘ವೊಟೊಕಿಮಂಡ್’ ಎಂದು ಅಚ್ಚಾದ ತೋಡರ ನೆಲೆಯೇ ಮುಂದೆ ಊಟಕಮಂಡ್ ಆಯಿತು, ಸಾಹೇಬರ ಬಾಯಲ್ಲಿ ಊಟಿಯಾಯಿತು. ‘ಮಂಡ್’ ಎಂಬುದು ತೋಡರ ಸ್ವಂತ ಪದವೂ ಅಲ್ಲ. ನಮ್ಮ ‘ಮಂದೆ’ಯ ಬಳಗಕ್ಕೆ ಸೇರಿದ ಈ ಮಾತು ಸುತ್ತಲಿನವರು ಅವರ ಹಟ್ಟಿಗಳಿಗೆ ಕೊಟ್ಟ ಹೆಸರು. ಅಲ್ಲಿ ಸಲಿವನ್ ಕಟ್ಟಿಸಿದ ಕಲ್ಲಿನ ಮನೆ ‘ಕಲ್ ಬಂಗಲೆ’ ಎಂದೇ ಜನಜನಿತವಾಯಿತು. ಈಗ ಅದು ಸರ್ಕಾರಿ ಕಲಾ ಕಾಲೇಜಿನ ಭಾಗ. ಕೆರೆಯನ್ನೂ ಅವನೇ ತೋಡಿಸಿದ.

ಸಲಿವನ್ ಬಗ್ಗೆ ಒಂದು ಮಾತನ್ನು ಹೇಳಲೇಬೇಕು. ತನ್ನ ಹೆಸರಿಗೆ ಬೇಕಾದಷ್ಟು ಭೂಮಿ ಮಾಡಿಕೊಂಡ ಈ ಮನುಷ್ಯನೇ, ಬೆಟ್ಟದ ನೆಲದ ಒಡೆಯರು ತೋಡರು, ಅವರ ಹಕ್ಕನ್ನು ಸರ್ಕಾರ ಮಾನ್ಯ ಮಾಡಬೇಕು ಎಂದು ವಾದಿಸಿದವನು. ಮದರಾಸಿನ ಗವರ್ನರ್ ಲಷಿಂಗ್ಟನ್ನನ ಜೊತೆ ಅವನಿಗೆ ಇದೇ ವಿಷಯದಲ್ಲಿ ಸರಿಬರಲಿಲ್ಲ. ಆಂಗ್ಲರಲ್ಲಿ ಈ ನ್ಯಾಯದ ಮಾತೆತ್ತಿದವನೂ ಅವನೇ, ಅದಕ್ಕೆ ವಿರುದ್ಧವಾದ ಕೆಲಸಕ್ಕೆ ದಾರಿ ತೆಗೆದವನೂ ಅವನೇ.

ಅರಮನೆಯ ತೊಲೆ, ಸಾಹೇಬರ ಮೇನೆ

ಕೊಯಮತ್ತೂರಿನ ಮಗ್ಗುಲಿಗೆ ಘಾಟಿಯಾಯಿತು. ಮೈಸೂರಿನ ಮಗ್ಗುಲಲ್ಲಿ ಏನಿತ್ತು? ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲೇ ದಳವಾಯಿ ದೇವರಾಜಯ್ಯ ಕಟ್ಟಿಸಿದ ಸೇತುವೆಯಿತ್ತು. ಮುಂದೆ ರೈಲನ್ನೂ ಹೊತ್ತ ಆ ಕಲ್ಲಿನ ಕಮಾನುಗಳು ಇಂದಿಗೂ ನಿಂತಿವೆ. ಚಿಕ್ಕದೇವರಾಜ ಒಡೆಯರ ಕಾಲದ ಪರವಾಸುದೇವ ದೇವಾಲಯವಿದ್ದ ಗುಂಡ್ಲುಪೇಟೆಯವರೆಗೆ ದಾರಿ ಸಲೀಸು. ಅಲ್ಲಿಂದಾಚೆ ದಟ್ಟ ಕಾಡು, ಅದರಾಚೆ ಗೋಡೆಯಂತೆ ಬೆಟ್ಟ.

ಆ ಬೆಟ್ಟಕ್ಕೆ ಶ್ರೀರಂಗಪಟ್ಟಣದಿಂದ ಹೋದ ಹೊರೆಯೊಂದು ಇತಿಹಾಸಪ್ರಿಯರನ್ನು ಕಾಡುವಂಥದ್ದು. ಊಟಿಯ ಸೇಂಟ್ ಸ್ಟೀಫನ್ಸ್ ಇಗರ್ಜಿಗೆ 1829ರಲ್ಲಿ ಲಷಿಂಗ್ಟನ್ ಅಡಿಗಲ್ಲು ಹಾಕಿದ. ಅದಕ್ಕೆ ಬೇಕಾದ ಭಾರಿ ತೊಲೆಗಳು, ಮರಮುಟ್ಟು ಬಂದದ್ದು ಟಿಪ್ಪುವಿನ ಲಾಲ್ ಮಹಲ್ ಅರಮನೆಯಿಂದ. ಆನೆಗಳಿಂದ ಎಳೆಸಿ ಮೇಲೆ ಸಾಗಿಸಿದರೆಂಬ ಮಾತಿದೆ. ಶ್ರೀರಂಗಪಟ್ಟಣಕ್ಕೆ ಹೋಗಿ ಲಾಲ್ ಮಹಲ್ ಎಲ್ಲಿ ಎಂದು ಹುಡುಕುವವರಿಗೆ ಅಲ್ಲಿ ಸಿಗುವುದು ಅದರ ಅವಶೇಷದ ನೆಲ ಮಾತ್ರ. ಮರದ ಒಂದಷ್ಟು ಭಾಗ ನೋಡಬೇಕೆಂದರೆ ಬೆಟ್ಟ ಹತ್ತಿ ಇಗರ್ಜಿಯೊಳಗೆ ತಲೆಯೆತ್ತಿ ನೋಡಬೇಕು. ಅದೇ ಇಗರ್ಜಿಯ ಅಂಗಳದಲ್ಲಿ ಸಲಿವನ್‌ನ ಹೆಂಡತಿ ಹೆನ್ರಿಯೆಟಾ ಮತ್ತು ಮಗಳ ಸಮಾಧಿಗಳಿವೆ. ಆರೋಗ್ಯಕ್ಕೆಂದು ಹುಡುಕಿದ ಬೆಟ್ಟ ಎಲ್ಲರಿಗೂ ಆರೋಗ್ಯ ಕೊಡಲಿಲ್ಲ.

1834ರಲ್ಲಿ ಇನ್ನೊಂದು ಹೊರೆ ಬಂತು. ಕಾಯಿಲೆಯಿಂದ ಚೇತರಿಸಿಕೊಳ್ಳಲು ಗವರ್ನರ್ ಜನರಲ್ ಬೆಂಟಿಂಕ್ ಊಟಿಯಲ್ಲಿದ್ದ. ಅವನ ಮಂಡಲಿಗೆ ಕಾನೂನು ಸದಸ್ಯನಾಗಿ ನೇಮಕಗೊಂಡು ಜೂನ್‌ನಲ್ಲಿ ಮದರಾಸಿಗೆ ಹಡಗಿನಿಂದ ಇಳಿದ ಮೆಕಾಲೆ ಅಲ್ಲಿಗೇ ಹೋಗಬೇಕಾಯಿತು. ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಮಾರ್ಗವಾಗಿ ಸುಮಾರು 400 ಮೈಲಿ. ಸಾಹೇಬ ಮೇನೆಯೊಳಗೆ, ಮೇನೆ ಬೋಯಿಗಳ ಹೆಗಲ ಮೇಲೆ. ಒಂದು ತಂಡ ಸುಸ್ತಾದಾಗ ಇನ್ನೊಂದು ತಂಡ ಹೆಗಲು ಕೊಡುವುದು ಅಂದಿನ ಪ್ರಯಾಣದ ಪದ್ಧತಿ. ಇಂದು ಐದಾರು ಗಂಟೆಯಲ್ಲಿ ಊಟಿ ಮುಟ್ಟುವ ಬೆಂಗಳೂರಿನವರು ಆ ಹೆಗಲುಗಳನ್ನು ಒಮ್ಮೆ ನೆನೆಯಬಹುದು. ಭಾರತದ ಶಿಕ್ಷಣದ ಭಾಷೆಯನ್ನೇ ಬದಲಿಸಿದ 1835ರ ಟಿಪ್ಪಣಿಗೆ ಮುನ್ನ ಅದನ್ನು ಬರೆದಾತ ನೀಲಗಿರಿಯ ಮಳೆಗಾಲವನ್ನು ಊಟಿಯಲ್ಲಿ ಕಳೆದ. ಮಳೆಗೆ ಸಾಕಷ್ಟು ಬೇಸರಪಟ್ಟುಕೊಂಡನೆಂದು ಅವನ ಪತ್ರಗಳಿಂದ ತಿಳಿಯುತ್ತದೆ.

ಇಂಥ ಓಡಾಟ ಹೆಚ್ಚಿದಂತೆ ಮೈಸೂರು ಕಡೆಗೂ ರಸ್ತೆ ಬೇಕಾಯಿತು. 1830ರ ದಶಕದಲ್ಲಿ ಸೀಗೂರು ಘಾಟಿ ತಯಾರಾಯಿತು. ಮಸಿನಗುಡಿಯಿಂದ ಕಲ್ಲಟ್ಟಿಯ ಮೂಲಕ ಊಟಿಗೆ ನೆಟ್ಟಗೆ ಏರುವ ಇಂದಿನ ದಾರಿ ಅದೇ. ಗೂಡಲೂರು, ನಡುವಟ್ಟಂ, ಪೈಕಾರದ ಮೇಲೆ ಸುತ್ತಿ ಬರುವುದು ಇನ್ನೊಂದು. 1873ರಲ್ಲಿ ಫರ್ನ್ ಹಿಲ್‌ನ ಬಂಗಲೆ ಮೈಸೂರು ಅರಸರ ಪಾಲಿಗೆ ಬಂದ ಮೇಲೆ ಅರಮನೆಯ ಪರಿವಾರಕ್ಕೂ ಇದು ಬೇಸಿಗೆಯ ದಾರಿಯಾಯಿತು.

ರಾತ್ರಿ ನಿಲ್ಲಬಾರದ ಕಾಡು

ಬೆಟ್ಟದ ತಂಪಿಗೆ ಹೊರಟವರು ಹೆದರುತ್ತಿದ್ದದ್ದು ಹುಲಿಗಲ್ಲ, ಜ್ವರಕ್ಕೆ. ಬೆಟ್ಟದ ಬುಡದ ಕಾಡಿನಲ್ಲಿ ಒಂದು ರಾತ್ರಿ ಮಲಗಿದರೆ ಸಾಕು, ಚಳಿಜ್ವರ ಹಿಡಿಯುತ್ತದೆಂಬ ನಂಬಿಕೆಯಿತ್ತು. ಹಗಲಲ್ಲೇ ಕಾಡು ದಾಟಿಬಿಡುವ ಆತುರ ಪ್ರಯಾಣಿಕರದು. ಕೆಟ್ಟ ಗಾಳಿಯೇ ಕಾರಣ ಎಂದು ಎಲ್ಲರೂ ತಿಳಿದಿದ್ದ ಕಾಲ ಅದು.

ನಿಜವಾದ ಕಾರಣ ಹುಡುಕಿದವರ ಕಥೆಗೂ ಈ ಘಾಟಿಗೂ ನಂಟಿದೆ. ಬೆಂಗಳೂರಿನಲ್ಲಿ ಕಾಲರಾ ತಡೆಯುವ ಕೆಲಸಕ್ಕೆ ನಿಯುಕ್ತರಾಗಿದ್ದ ಸೇನಾ ವೈದ್ಯ ರೊನಾಲ್ಡ್ ರಾಸ್ ರಜೆಯ ಮೇಲೆ ಊಟಿಗೆ ಬಂದರು. ಊಟಿಯ ತಂಪಿನಲ್ಲಿ ಕೂರದೆ ಮಲೇರಿಯಾ ಹುಡುಕಿಕೊಂಡು ಸೀಗೂರು ಘಾಟಿಗೆ ಇಳಿದರು. ಸೊಳ್ಳೆಗಳನ್ನು ಹುಡುಕುತ್ತಿದ್ದ ಅವರಿಗೇ ಕೆಲವು ದಿನಗಳಲ್ಲಿ ಜ್ವರ ಬಂತು, ಕ್ವಿನೈನ್ ನುಂಗುತ್ತಿದ್ದರೂ ಬಂತು! ಆಮೇಲೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಅವರು ಕಂಡರು. 1902ರಲ್ಲಿ ನೊಬೆಲ್ ಬಹುಮಾನ ಬಂತು. ಇದರಲ್ಲೊಂದು ವಿಪರ್ಯಾಸವೂ ಉಂಟು. ಕ್ವಿನೈನ್ ಕೊಡುವ ಸಿಂಕೋನಾ ಮರಗಳನ್ನು 1860ರ ದಶಕದಿಂದ ಸರ್ಕಾರವೇ ದೊಡ್ಡಬೆಟ್ಟ, ನಡುವಟ್ಟಂಗಳಲ್ಲಿ ಬೆಳೆಸುತ್ತಿತ್ತು. ಬೆಟ್ಟದ ತಲೆಯಲ್ಲಿ ಮದ್ದು, ಬುಡದಲ್ಲಿ ರೋಗ.

ಜ್ವರದ ಭಯ ಆ ಕಾಡನ್ನು ಬಹಳ ಕಾಲ ಕಾಪಾಡಿತು ಎಂದರೆ ತಪ್ಪಾಗದು. ಜನ ನಿಲ್ಲದ ಕಡೆ ಆನೆ, ಕಾಟಿ, ಹುಲಿ ನಿಂತವು. 1931ರಲ್ಲಿ ಮೈಸೂರು ಸಂಸ್ಥಾನ ಬಂಡೀಪುರದಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವನ್ನು ಘೋಷಿಸಿತು. 1940ರಲ್ಲಿ ಪಕ್ಕದ ಮುದುಮಲೆ ಅಭಯಾರಣ್ಯವಾಯಿತು. 1973ರಲ್ಲಿ ಹುಲಿ ಯೋಜನೆ ಬಂದಾಗ ಬಂಡೀಪುರ ಅದರ ಮೊದಲ ಪಟ್ಟಿಯಲ್ಲೇ ಇತ್ತು. ರಸ್ತೆ ಮಾತ್ರ ಕಾಡಿನ ನಡುವೆ ಇದ್ದಲ್ಲೇ ಇತ್ತು. ಅದರ ಮೇಲೆ ಮೇನೆಯ ಬದಲು ಎತ್ತಿನ ಗಾಡಿ, ಆಮೇಲೆ ಬಸ್ಸು, ಲಾರಿ, ಕಾರು.

ರೈಲು ತಪ್ಪಿದ ಕೋಟಗಿರಿ

ಬೆಟ್ಟದ ಮೇಲಿನ ಮೂರು ಊರುಗಳ ಹಣೆಬರಹವನ್ನು ಬರೆದದ್ದು ಹವೆಯಲ್ಲ, ದಾರಿ. ಕೋಟಗಿರಿಯೇ ಮೊದಲ ನೆಲೆ, ಮೊದಲ ಘಾಟಿಯೂ ಅದಕ್ಕೇ ಬಂದದ್ದು. ಆದರೆ 1830–32ರಲ್ಲಿ ಲೆಫ್ಟಿನೆಂಟ್ ಲಿ ಹಾರ್ಡಿಯ ಮುಂದಾಳ್ತನದಲ್ಲಿ ಕೂನೂರು ಘಾಟಿ ತಯಾರಾದೊಡನೆ ಓಡಾಟ ಅತ್ತ ತಿರುಗಿತು. 1873ರಲ್ಲಿ ಮೇಟುಪಾಳಯಕ್ಕೆ ರೈಲು ಬಂತು, 1899ರಲ್ಲಿ ಹಲ್ಲುಪಟ್ಟಿಯ ಪುಟ್ಟ ರೈಲು ಕೂನೂರು ಮುಟ್ಟಿತು, 1908ರಲ್ಲಿ ಊಟಿ ಮುಟ್ಟಿತು. 2005ರಲ್ಲಿ ಯುನೆಸ್ಕೊ ಈ ರೈಲುಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮದರಾಸು ಸರ್ಕಾರದ ಬೇಸಿಗೆ ರಾಜಧಾನಿಯಾದ ಊಟಿಗೆ ಕಚೇರಿ, ಕ್ಲಬ್ಬು, ಕುದುರೆ ರೇಸು ಎಲ್ಲವೂ ಬಂದವು. ದಂಡು ನೆಲೆಸಿದ ವೆಲಿಂಗ್ಟನ್ ಮಗ್ಗುಲಲ್ಲಿರುವ ಕೂನೂರಿಗೂ ಕೊರತೆಯಾಗಲಿಲ್ಲ.

ಕೋಟಗಿರಿಗೆ ರೈಲು ಬರಲಿಲ್ಲ. ಅದು ಟೀ ತೋಟಗಳ ನಡುವೆ ಬಡಗರ ಹಟ್ಟಿಗಳ ನೆರೆಯಲ್ಲಿ ತನ್ನಷ್ಟಕ್ಕೆ ಉಳಿಯಿತು. ಇಂದು ‘ಶಾಂತ ಗಿರಿಧಾಮ’ ಎಂದು ಪ್ರವಾಸಿಗರು ಕೋಟಗಿರಿಯನ್ನು ಕೊಂಡಾಡುತ್ತಾರೆ. ಆ ಶಾಂತಿ ಯಾರೂ ಯೋಜನೆ ಹಾಕಿ ಕಾಪಾಡಿದ್ದಲ್ಲ, ದಾರಿ ತಪ್ಪಿದ್ದರಿಂದ ಉಳಿದದ್ದು.

ಮತ್ತೆ ರಾತ್ರಿಯ ಮಾತು

2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಬಂಡೀಪುರದ ರಸ್ತೆಗಳಲ್ಲಿ ರಾತ್ರಿ ಸಂಚಾರ ನಿಷೇಧಿಸಿತು. ವೇಗದ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದೇ ಕಾರಣ. ಒತ್ತಡ ಬಂದು ಆದೇಶ ಹಿಂದಕ್ಕೆ ಹೋಯಿತು, ಪ್ರಕರಣ ಹೈಕೋರ್ಟಿಗೆ ಹೋಯಿತು, 2010ರ ಮಾರ್ಚ್‌ನಲ್ಲಿ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ಆಂಬುಲೆನ್ಸುಗಳಿಗೂ ಗೊತ್ತುಪಡಿಸಿದ ಕೆಲವು ಬಸ್ಸುಗಳಿಗೂ ವಿನಾಯಿತಿ ಕೊಟ್ಟು ಅದು ಮುಂದುವರಿದಿದೆ. ವಯನಾಡಿನ ರಸ್ತೆಗೂ ಇದು ಅನ್ವಯವಾಗುವುದರಿಂದ ಕೇರಳದಲ್ಲಿ ದೊಡ್ಡ ಚಳವಳಿಯಾಯಿತು. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹವೂ ನಡೆಯಿತು. ತರಕಾರಿ ಲಾರಿಯವನ ಕಷ್ಟ, ರೋಗಿಯ ಬಂಧುಗಳ ಆತಂಕ ಇವು ಸುಳ್ಳಲ್ಲ. ಹಾಗೆಂದು ಕಾಡಿನ ಪಾಲಿಗೆ ಸಿಕ್ಕಿರುವುದು ಇಡೀ ದಿನದಲ್ಲಿ ಒಂಬತ್ತು ಗಂಟೆ ಮಾತ್ರ ಎನ್ನುವುದನ್ನೂ ಮರೆಯುವಂತಿಲ್ಲ.

ಬುಡದ ಸೀಗೂರು ಪ್ರಸ್ಥಭೂಮಿಯಲ್ಲಿ ವಿವಾದ ಇನ್ನಷ್ಟು ಗಡುಸು. ಪಶ್ಚಿಮ ಘಟ್ಟದಿಂದ ಪೂರ್ವ ಘಟ್ಟಕ್ಕೆ ಆನೆಗಳು ದಾಟುವುದು ಇಲ್ಲಿಂದಲೇ. ಅವುಗಳ ದಾರಿಯಲ್ಲಿ ಎದ್ದ ರೆಸಾರ್ಟುಗಳ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2020ರ ಅಕ್ಟೋಬರ್‌ನಲ್ಲಿ ಆನೆ ಕಾರಿಡಾರ್ ಪರವಾಗಿ ತೀರ್ಪು ಬಂತು. ದಂಡನಾಯಕರು, ಸಾಹೇಬರು ಬರುವ ಮೊದಲು ಈ ಜಾಡು ತುಳಿದವು ಆನೆಗಳೇ ಅಲ್ಲವೆ?

ಮೇಲಿನ ಮಾತಿಗೆ ಬಂದರೆ, ಬೇಸಿಗೆಯಲ್ಲಿ ದಿನಕ್ಕೆ ಸುಮಾರು 20,000 ವಾಹನಗಳು ನೀಲಗಿರಿ ಹತ್ತುತ್ತಿವೆಯೆಂಬ ಲೆಕ್ಕ ಮದರಾಸು ಹೈಕೋರ್ಟಿನ ಮುಂದೆ ಬಂದ ಮೇಲೆ 2024ರ ಮೇ 7ರಿಂದ ಇ-ಪಾಸ್ ಜಾರಿಯಾಯಿತು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನ ಎಂದು ನ್ಯಾಯಾಲಯ ಮಿತಿ ಹಾಕಿತು. ಸ್ಥಳೀಯರ ವಾಹನಗಳಿಗೂ ಸರ್ಕಾರಿ ಬಸ್ಸಿಗೂ ಈ ಲೆಕ್ಕವಿಲ್ಲ. ಪ್ರವಾಸಿಗರನ್ನೇ ನಂಬಿದ ವ್ಯಾಪಾರಿಗಳು ಆ ಏಪ್ರಿಲ್‌ನಲ್ಲಿ ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಅವರ ಸಿಟ್ಟಿಗೂ ಅರ್ಥವಿದೆ. ಇನ್ನೂರು ವರ್ಷ ಜನರನ್ನು ಹತ್ತಿಸುವುದಕ್ಕೆಂದೇ ಬೆಳೆಸಿದ ಊರಿಗೆ ಈಗ ಹತ್ತಬೇಡಿ ಎಂದರೆ ಅಲ್ಲಿ ಹೋಟೆಲು ಇಟ್ಟವನು ಏನು ಮಾಡಬೇಕು? ಗೋಪಾಲಸ್ವಾಮಿ ಬೆಟ್ಟದಲ್ಲಿ ಖಾಸಗಿ ವಾಹನಗಳನ್ನು ಕೆಳಗೇ ನಿಲ್ಲಿಸಿ ಭಕ್ತರನ್ನು ಬಸ್ಸಿನಲ್ಲಿ ಕಳಿಸುವ ವ್ಯವಸ್ಥೆ ಸಾಗಿ ಬಂದಿದೆ. ಆದರೆ ಒಂದು ದೇಗುಲಕ್ಕೆ ಒಪ್ಪುವ ಏರ್ಪಾಡು ಇಡೀ ಜಿಲ್ಲೆಗೆ ಒಪ್ಪುವುದು ಅಷ್ಟು ಸುಲಭವಲ್ಲ.

ಊಟಿಯ ಗದ್ದಲ ಸಾಕೆನಿಸಿದವರು ಈಗೀಗ ಕೋಟಗಿರಿಯ ವಿಳಾಸ ವಿಚಾರಿಸತೊಡಗಿದ್ದಾರೆ. ದೊಡ್ಡಬೆಟ್ಟದ ಮಗ್ಗುಲಿಂದ ಟೀ ತೋಟಗಳ ನಡುವೆ ಇಳಿದರೆ ಊಟಿಯಿಂದ ಅಲ್ಲಿಗೆ ಸುಮಾರು 29 ಕಿಲೋಮೀಟರ್. ರಸ್ತೆ ಚೆನ್ನಾಗಿದೆ.